ಸ್ತನಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡ ಮೇಲಿನ ಮೊದಲ ವಾರಗಳು

ಸ್ತನದ ಗಾತ್ರ ಹೆಚ್ಚಿಸುವ ಆಪರೇಷನ್‌ಗೆ ಹೊರಟವರು ಯಾವ ಅಳತೆ, ಎಷ್ಟು ಖರ್ಚು, ಕಲೆ ಎಲ್ಲಿ ಉಳಿಯುತ್ತದೆ ಅಂತೆಲ್ಲ ವಿಚಾರಿಸಿರುತ್ತಾರೆ. ಮನೆಗೆ ಬಂದ ಮೇಲೆ ನೀರಿನ ಬಿಂದಿಗೆ ಎತ್ತುವವರು ಯಾರು ಅಂತ ಯೋಚಿಸಿರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಇದನ್ನು ಯಾರಿಗೂ ಹೇಳದೆ ಮಾಡಿಸಿಕೊಳ್ಳುತ್ತಾರೆ. ಹೇಳುವುದು ಬಿಡುವುದು ಅವರವರ ಇಷ್ಟ. ಆದರೆ ಜೊತೆಯಲ್ಲಿರುವ ಒಬ್ಬರಿಗಾದರೂ ವಿಷಯ ಗೊತ್ತಿರಲೇಬೇಕು. ಅನಸ್ತೇಷಿಯಾ ಕೊಟ್ಟ ಮೊದಲ 24 ಗಂಟೆ ಒಬ್ಬರೇ ಇರುವಂತಿಲ್ಲ. ಅದಾದ ಮೇಲೂ ಎರಡು ವಾರ ನಿಮ್ಮ ತೋಳು ಅರ್ಧ ಮಾತ್ರ ನಿಮ್ಮ ಮಾತು ಕೇಳುತ್ತದೆ.

ಇಂಪ್ಲಾಂಟನ್ನು, ಅಂದರೆ ಗಾತ್ರ ಹೆಚ್ಚಿಸಲು ಒಳಗಿಡುವ ಮೆತ್ತನೆಯ ಚೀಲವನ್ನು, ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಇಡುತ್ತಾರೋ ಮೇಲೆ ಇಡುತ್ತಾರೋ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅಡಿಯಲ್ಲಿಟ್ಟರೆ ಆ ಸ್ನಾಯುವನ್ನು ಭಾಗಶಃ ಬಿಡಿಸಿ ಎತ್ತಿರುತ್ತಾರೆ, ಹಾಗಾಗಿ ನೋವು ಹೆಚ್ಚು. ಚೂಪಾದ ನೋವಿಗಿಂತ ಬಿಗಿತವೇ ಜಾಸ್ತಿ ಕಾಡುತ್ತದೆ: ಎದೆಯ ಮೇಲೆ ಭಾರ ಹೇರಿದಂತೆ, ದೀರ್ಘವಾಗಿ ಉಸಿರೆಳೆದುಕೊಂಡರೆ ಹಿಡಿದಂತೆ. ಸಾಮಾನ್ಯವಾಗಿ ಎರಡು ಮೂರನೇ ದಿನ ಇದು ಏರಿ, ವಾರದ ಹೊತ್ತಿಗೆ ಇಳಿಯತೊಡಗುತ್ತದೆ. ಬೆಳಿಗ್ಗೆ ಏಳುವಾಗ ಅತಿ ಹೆಚ್ಚು, ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲ. ನೋವು ಏರಿದ ಮೇಲೆ ಮಾತ್ರೆ ಹುಡುಕಬೇಡಿ, ಮೊದಲ ಮೂರು ನಾಲ್ಕು ದಿನ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ನುಂಗಿ. ಒಂದು ಎಚ್ಚರಿಕೆ: ಆಸ್ಪತ್ರೆಯವರು ಕೊಟ್ಟ ನೋವಿನ ಮಾತ್ರೆಯಲ್ಲೇ ಪ್ಯಾರಾಸಿಟಮಾಲ್ ಬೆರೆತಿರುವುದುಂಟು. ಅದರ ಮೇಲೆ ಮನೆಯಲ್ಲಿರುವ ಡೋಲೋ 650 ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ಆಸ್ಪಿರಿನ್, ಐಬುಪ್ರೊಫೆನ್ ಥರದವು ರಕ್ತಸ್ರಾವ ಹೆಚ್ಚಿಸಬಹುದು, ಡಾಕ್ಟರ್ ಹೇಳದೆ ಮುಟ್ಟಬೇಡಿ. ಟ್ರಮಡಾಲ್ ಎಂಬ ಪ್ರಬಲ ನೋವಿನ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ ಸಾಮಾನ್ಯ. ತಿಣುಕಿದರೆ ಎದೆ ಬಿಗಿದು ನೋಯುತ್ತದೆ, ಮೊದಲ ದಿನದಿಂದಲೇ ನೀರು, ಸೊಪ್ಪು, ಹಣ್ಣು ಹೆಚ್ಚಿಸಿ.

ಮಲಗುವುದು ಅಂಗಾತ, ತಲೆ ಮತ್ತು ಬೆನ್ನು 30ರಿಂದ 45 ಡಿಗ್ರಿ ಎತ್ತರದಲ್ಲಿ. ತಲೆಯ ಕೆಳಗೆ ಮಾತ್ರ ಎರಡು ದಿಂಬು ಪೇರಿಸಿದರೆ ಕುತ್ತಿಗೆ ಹಿಡಿಯುತ್ತದೆ, ಸೊಂಟದಿಂದಲೇ ಇಳಿಜಾರು ಬರುವಂತೆ ಜೋಡಿಸಿ. ಮಂಡಿಯ ಕೆಳಗೊಂದು ದಿಂಬಿಟ್ಟರೆ ಕೆಳಕ್ಕೆ ಜಾರುವುದಿಲ್ಲ. ಏಳುವಾಗ ಅಂಗೈ ಊರಿ ಮೈ ಮೇಲೆತ್ತಬೇಡಿ. ಕಾಲನ್ನು ಮಂಚದಿಂದ ಕೆಳಗಿಳಿಸಿ, ಇನ್ನೊಬ್ಬರು ಬೆನ್ನಿಗೆ ಕೈಕೊಟ್ಟು ಎಬ್ಬಿಸಲಿ. ನೆಲದ ಮೇಲೆ ಹಾಸಿಕೊಂಡು ಮಲಗುವವರು ಕೆಲವು ವಾರ ಮಂಚಕ್ಕೆ ಬದಲಾಯಿಸಿಕೊಳ್ಳಿ, ಕೈ ಊರದೆ ನೆಲದಿಂದ ಏಳುವುದು ಕಷ್ಟ.

ಭಾರ ಎತ್ತಬೇಡಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ಆದರೆ ಭಾರವಿಲ್ಲದ ಕೆಲಸದಲ್ಲೂ ಎದೆಯ ಸ್ನಾಯು ದುಡಿಯುತ್ತದೆ. ಮುದ್ದೆ ತಿರುವುವುದನ್ನೇ ನೋಡಿ: ಪಾತ್ರೆ ಅಲ್ಲಾಡದಂತೆ ಅದುಮಿ ಹಿಡಿದು, ಎರಡೂ ಕೈಯಿಂದ ಕೋಲನ್ನು ಒತ್ತಿ ಗಟ್ಟಿ ಹಿಟ್ಟಿನೊಳಗೆ ಸುತ್ತಿಸುವಾಗ ಬಲದ ದೊಡ್ಡ ಪಾಲು ಬರುವುದು ಎದೆಯಿಂದ. ಚಪಾತಿ ಹಿಟ್ಟು ನಾದುವುದು, ಲಟ್ಟಿಸುವುದು, ಬಟ್ಟೆ ಹಿಂಡುವುದು, ನೆಲ ಒರೆಸುವುದು, ಬಿಗಿಯಾದ ಡಬ್ಬಿಯ ಮುಚ್ಚಳ ತಿರುಗಿಸುವುದು ಎಲ್ಲವೂ ಇದೇ ಸಾಲಿಗೆ. ಇಂಪ್ಲಾಂಟ್ ಕೂರಿಸಿದ ಹೊಸ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ, ಸ್ನಾಯು ಮತ್ತೆ ಮತ್ತೆ ಬಿಗಿದರೆ ಒಳಗೆ ರಕ್ತ ಜಿನುಗಬಹುದು, ಇಂಪ್ಲಾಂಟ್ ಜರುಗಲೂಬಹುದು. ಮೊದಲ ಎರಡು ವಾರ 2–3 ಕೆಜಿ ದಾಟಬೇಡಿ. ಮಗುವನ್ನು ಎತ್ತಿಕೊಳ್ಳಬೇಡಿ, ಕುಳಿತಿರುವಾಗ ಬೇರೆಯವರು ತೊಡೆಯ ಮೇಲೆ ಕೂರಿಸಲಿ. ಅಟ್ಟದ ಮೇಲಿನ, ಮೇಲಿನ ಶೆಲ್ಫಿನ ಸಾಮಾನನ್ನು ಆಪರೇಷನ್‌ಗೆ ಮುಂಚೆಯೇ ಸೊಂಟದ ಮಟ್ಟಕ್ಕೆ ಇಳಿಸಿಡಿ. ಹಾಗಂತ ಕೈ ಕಟ್ಟಿ ಕೂರುವುದೂ ಬೇಡ, ಭುಜ ಹಿಡಿದುಕೊಳ್ಳುತ್ತದೆ. ಹೇಳಿಕೊಟ್ಟಷ್ಟು ಮೆಲ್ಲಗೆ ಆಡಿಸುತ್ತಿರಿ. ಮೊದಲ ದಿನದಿಂದಲೇ ಮನೆಯೊಳಗೆ ನಡೆದಾಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕೇ ಬೇಕು.

ಸರ್ಜಿಕಲ್ ಬ್ರಾ ಮುಂದೆ ತೆರೆಯುವಂಥದ್ದು, ತಂತಿ ಇಲ್ಲದ್ದು. ಸಾಮಾನ್ಯವಾಗಿ 4ರಿಂದ 6 ವಾರ ಹಗಲು ರಾತ್ರಿ ತೊಡಬೇಕು. ಎರಡು ಇರಲಿ, ಒಗೆದದ್ದು ಒಣಗುವ ತನಕ ಇನ್ನೊಂದು. ತಲೆಯ ಮೇಲಿಂದ ತೊಡುವ ಕುರ್ತಾ ಪಕ್ಕಕ್ಕಿಟ್ಟು, ಮುಂದೆ ಗುಂಡಿ ಇರುವ ನೈಟಿ, ಶರ್ಟ್ ಹಾಕಿ. ಸ್ನಾನ ಬಹಳಷ್ಟು ಕಡೆ 48 ಗಂಟೆಯ ನಂತರ. ಚೊಂಬಿನಿಂದ ತಲೆಗೆ ಹೊಯ್ದುಕೊಳ್ಳುವಾಗ ತೋಳು ಪೂರ್ತಿ ಮೇಲೇಳುತ್ತದೆ, ಹಾಗಾಗಿ ತಲೆಸ್ನಾನ ಇನ್ನೊಬ್ಬರು ಮಾಡಿಸಲಿ.

ಬಾಣಂತನದ ಆರೈಕೆ ಗೊತ್ತಿರುವ ಮನೆಗಳಲ್ಲಿ ಪ್ರೀತಿಯಿಂದಲೇ ಎಣ್ಣೆ, ಅರಿಶಿನ, ಶಾಖ ಎಲ್ಲ ಸಿದ್ಧವಾಗುತ್ತದೆ. ಇಲ್ಲಿ ಅದಾವುದೂ ಬೇಡ. ಹೊಲಿಗೆಗೆ ಅರಿಶಿನ ಹಚ್ಚಿದರೆ ಸೋಂಕಿಗೆ ದಾರಿ. ಆಪರೇಷನ್ ಆದ ಚರ್ಮ ಮರಗಟ್ಟಿರುವುದರಿಂದ ಬಿಸಿನೀರಿನ ಬ್ಯಾಗ್ ಸುಟ್ಟರೂ ಗೊತ್ತಾಗುವುದಿಲ್ಲ, ಐಸ್ ಕೂಡ ಹಾಗೇ. ತಿಕ್ಕುವುದಂತೂ ಸರ್ಜನ್ ಹೇಳದ ಹೊರತು ಬೇಡವೇ ಬೇಡ.

ಕನ್ನಡಿ ನೋಡಿ ಕಂಗಾಲಾಗುವ ದಿನಗಳಿವು. ಸ್ತನಗಳು ತೀರಾ ಮೇಲೆ, ಗಟ್ಟಿಯಾಗಿ, ಚರ್ಮ ಹೊಳೆಯುವಂತೆ ಕಾಣುತ್ತವೆ. ಒಂದು ಕಡೆ ಬೇಗ ಇಳಿಯುತ್ತದೆ, ಇನ್ನೊಂದು ತಡ. ಕೆಳಗೆ ಇಳಿದು ಮೆದುವಾಗಲು 3ರಿಂದ 6 ತಿಂಗಳು ಬೇಕು. ಮೊಲೆತೊಟ್ಟು ಮರಗಟ್ಟಬಹುದು, ಇಲ್ಲವೇ ಬಟ್ಟೆ ತಾಗಿದರೂ ಉರಿಯಬಹುದು. ನರಗಳು ಚೇತರಿಸಿಕೊಳ್ಳುವಾಗ ಮಿಂಚು ಹೊಡೆದಂತೆ ಚುಳ್ಳೆನ್ನುತ್ತದೆ. ಅಲ್ಲಾಡಿದಾಗ ಗುಳುಗುಳು ಸದ್ದು ಬಂದರೆ ಇಂಪ್ಲಾಂಟ್ ಒಡೆಯಿತೆಂದು ಹೆದರಬೇಡಿ, ಒಳಗುಳಿದ ಗಾಳಿ ಮತ್ತು ದ್ರವದ ಸದ್ದು ಅದು, ಮೈ ಹೀರಿಕೊಳ್ಳುತ್ತದೆ. ಮೊದಲ ವಾರ ಸುಮ್ಮನೆ ಅಳು ಬರುವುದು, ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುವುದು ಕೂಡ ಅಪರೂಪವಲ್ಲ. ಆ ಹೊತ್ತಿನ ರೂಪ ನೋಡಿ ತೀರ್ಮಾನಕ್ಕೆ ಬರಬೇಡಿ.

ಆದರೆ ಕೆಲವಕ್ಕೆ ಕಾಯುವಂತಿಲ್ಲ. ಒಂದೇ ಕಡೆ ಏಕಾಏಕಿ ಊದಿ, ಕಲ್ಲಿನಂತಾಗಿ, ಮಾತ್ರೆಗೂ ಬಗ್ಗದ ನೋವು ಬಂದರೆ ಒಳಗೆ ರಕ್ತ ತುಂಬುತ್ತಿರಬಹುದು. ಮೊದಲ ಒಂದೆರಡು ದಿನದಲ್ಲೇ ಇದರ ಸಾಧ್ಯತೆ ಹೆಚ್ಚು. ಮತ್ತೆ ಥಿಯೇಟರಿಗೆ ಒಯ್ದು ರಕ್ತ ತೆಗೆಯಬೇಕಾಗುತ್ತದೆ, ಬೆಳಗಾಗಲಿ ಅಂತ ಕೂರಬೇಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಕೆಂಪು ಹರಡುತ್ತಾ ಹೋದರೆ, ಹೊಲಿಗೆಯಿಂದ ಕೀವು ಬಂದರೆ ಅದೇ ದಿನ ತೋರಿಸಿ. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೂ ಅಂದೇ ತೋರಿಸಬೇಕು. ಉಸಿರು ಕಟ್ಟಿದರೆ, ಎದೆಯೊಳಗೆ ಚುಚ್ಚಿದರೆ ಕ್ಲಿನಿಕ್ಕಿಗಲ್ಲ, ನೇರವಾಗಿ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ.

ಕೂತು ಮಾಡುವ ಕೆಲಸಕ್ಕೆ ಒಂದು ವಾರದಿಂದ ಹತ್ತು ದಿನದಲ್ಲಿ ಮರಳಬಹುದು. ಕಾರು ಓಡಿಸಲು ಮಂಪರು ತರುವ ನೋವಿನ ಮಾತ್ರೆ ನಿಂತಿರಬೇಕು, ಸ್ಟೀರಿಂಗ್ ಥಟ್ಟನೆ ತಿರುಗಿಸಲು ಆಗಬೇಕು. ಸ್ಕೂಟರಿಗೆ ಇನ್ನೂ ಹೆಚ್ಚು ಕಾಯಿರಿ, ಗುಂಡಿ ಬಿದ್ದ ರಸ್ತೆಯಲ್ಲಿ ಹ್ಯಾಂಡಲ್ಲಿನ ಒದೆತವೆಲ್ಲ ಎದೆಗೇ ಬರುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕುವುದೂ ಭಾರವೇ. ಜಿಮ್‌ನಲ್ಲಿ ಎದೆ, ತೋಳಿನ ವ್ಯಾಯಾಮ ಸುಮಾರು 6 ವಾರದ ನಂತರ. ಸಿಗರೇಟು ಈ ಅವಧಿಯಲ್ಲಿ ಪೂರ್ತಿ ಬಿಡಲೇಬೇಕು, ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಗಾಯ ಸರಿಯಾಗಿ ಕೂಡದಿರಬಹುದು.

ಮನೆಗೆ ಹೊರಡುವ ಮುನ್ನ ಇಂಪ್ಲಾಂಟ್ ಕಾರ್ಡ್ ಕೇಳಿ ಪಡೆಯಿರಿ. ಕಂಪನಿ, ಮಾದರಿ, ಸಿಸಿ ಅಳತೆ, ಸೀರಿಯಲ್ ನಂಬರ್ ಅದರಲ್ಲಿರುತ್ತದೆ. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನೆಲ್ಲೆಡೆಯಿಂದ ವಾಪಸ್ ಪಡೆದಾಗ, ಹಾಕಿಸಿಕೊಂಡಿದ್ದವರಿಗೆ ತಮ್ಮೊಳಗಿರುವುದು ಯಾವುದೆಂದು ತಿಳಿಯಲು ಬೇಕಾದದ್ದು ಈ ವಿವರಗಳೇ. ಒಂದು ಫೋಟೊ ತೆಗೆದು ಫೋನಿನಲ್ಲೂ ಇಟ್ಟುಕೊಳ್ಳಿ, ಮುಂದೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಮಾಡಿಸುವಾಗ ಟೆಕ್ನಿಷಿಯನ್‌ಗೆ ಮೊದಲೇ ತೋರಿಸಿ.