ಉಡುಪಿಯಿಂದ ಗೋಕರ್ಣಕ್ಕೆ ಸೈಕಲ್ಲಿನಲ್ಲಿ: ಟ್ಯೂಬು ಊರಲ್ಲೇ ಕೊಂಡು ಹೊರಡಿ

ಕರಾವಳಿ ಹೆದ್ದಾರಿಯಲ್ಲಿ ಸೈಕಲ್ ತುಳಿಯುವ ಯೋಚನೆ ಇದ್ದವರಿಗೆ ಮೊದಲ ಮಾತು ಇದು. ನಿಮ್ಮದು 700ಸಿ ಅಳತೆಯ ಚಕ್ರದ, ಗಾಳಿ ತುಂಬಿಸುವ ಬಾಯಿ ಸಪೂರವಿರುವ ಪ್ರೆಸ್ಟಾ ವಾಲ್ವಿನ ಸೈಕಲ್ಲಾದರೆ ದಾರಿಯಲ್ಲಿ ಟ್ಯೂಬು ಸಿಗುತ್ತದೆಂದು ನಂಬಿ ಹೋಗಬೇಡಿ. ಕುಂದಾಪುರದಿಂದ ಆಚೆ ನಾನು ಕೇಳಿದ ಒಂದು ಅಂಗಡಿಯಲ್ಲೂ ಇರಲಿಲ್ಲ. ನನ್ನ ಜೊತೆಗಿದ್ದ ಗೆಳೆಯನದು 26 ಇಂಚಿನ, ದಪ್ಪ ವಾಲ್ವಿನ ಹಳೇ ಸೈಕಲ್. ಅದರ ಟ್ಯೂಬು ಪ್ರತಿ ಅಂಗಡಿಯಲ್ಲೂ ಮೊಳೆಗೆ ತೂಗುಬಿದ್ದಿತ್ತು. ನನ್ನ ಸೈಕಲ್ಲಿನ ಅರ್ಧ ಬೆಲೆಯೂ ಇಲ್ಲದ ಸೈಕಲ್ಲು ಆ ದಾರಿಗೆ ನನ್ನದಕ್ಕಿಂತ ಚೆನ್ನಾಗಿ ಒಗ್ಗಿತು.

ನನ್ನ ಮೊದಲ ಟ್ಯೂಬು ಹೋದದ್ದು ಮುಳ್ಳಿಗೂ ಅಲ್ಲ, ಮೊಳೆಗೂ ಅಲ್ಲ. ರಸ್ತೆ ಬದಿಯಲ್ಲಿ ಗಾಳಿ ತುಂಬಿಸುವಾಗ ಅಲ್ಲಿನ ಹುಡುಗ ನಳಿಕೆಯನ್ನು ಅಡ್ಡಕ್ಕೆ ಜಗ್ಗಿದ, ವಾಲ್ವಿನ ಬುಡವೇ ಹರಿಯಿತು. ಆ ಜಾಗದಲ್ಲಿ ಯಾವ ಪ್ಯಾಚೂ ನಿಲ್ಲುವುದಿಲ್ಲ, ಟ್ಯೂಬು ಎಸೆಯುವುದೇ. ಆದ್ದರಿಂದ ಗಾಳಿ ತುಂಬಿಸುವ ಕೆಲಸ ಯಾರಿಗೂ ಬಿಡಬೇಡಿ. ಕೈಪಂಪು ಜೊತೆಗಿರಲಿ. ಪ್ರೆಸ್ಟಾಕ್ಕೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಅಡಾಪ್ಟರ್ ಒಂದು ಜೇಬಲ್ಲಿದ್ದರೆ ಪೆಟ್ರೋಲ್ ಬಂಕಿನ ಗಾಳಿಯೂ ಆಗುತ್ತದೆ, ಆದರೆ ನಳಿಕೆ ನಿಮ್ಮ ಕೈಯಲ್ಲಿರಲಿ.

ಇದ್ದ ಒಂದು ಹೆಚ್ಚುವರಿ ಟ್ಯೂಬು ಹಾಕಿಕೊಂಡು ಹೊರಟೆವು. ಮರವಂತೆಯಲ್ಲಿ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಜಾಗವೇ. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವವರ ನಡುವೆ ಸೈಕಲ್ ದಾಟಿಸುವುದೇ ಕಷ್ಟ, ನಾವು ನಿಲ್ಲಲಿಲ್ಲ. ಅದನ್ನು ದಾಟಿ ಸ್ವಲ್ಪದರಲ್ಲೇ ಹಿಂದಿನ ಚಕ್ರ ಮೆತ್ತಗಾಯಿತು.

ಈ ಹೆದ್ದಾರಿಯ ನಿಜವಾದ ಶತ್ರು ಲಾರಿ ಟಯರು. ಅದು ಸಿಡಿದಾಗ ಒಳಗಿನ ಉಕ್ಕಿನ ತಂತಿ ಕೂದಲಿನಷ್ಟು ಸಣ್ಣ ಚೂರುಗಳಾಗಿ ರಸ್ತೆಯ ಅಂಚಿಗೆ ಸೇರುತ್ತದೆ, ಸೈಕಲ್ಲಿನವರು ಹೋಗುವುದೂ ಅದೇ ಅಂಚಿನಲ್ಲಿ. ಕಪ್ಪು ರಬ್ಬರ್ ಚಿಂದಿ ಕಂಡ ಕಡೆ, ಹಿಂದೆ ವಾಹನ ಇಲ್ಲದಿದ್ದರೆ, ಸ್ವಲ್ಪ ಒಳಕ್ಕೆ ಬನ್ನಿ. ಪಂಕ್ಚರ್ ಆದ ಮೇಲೆ ಟ್ಯೂಬು ಬದಲಿಸುವ ಮೊದಲು ಟಯರಿನ ಒಳಮೈಗೆ ಹತ್ತಿ ಸವರಿ. ತಂತಿ ಇರುವ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ. ನಮಗೆ ಸಿಕ್ಕ ತಂತಿ ಅಕ್ಕಿಕಾಳಿಗಿಂತ ಚಿಕ್ಕದು, ಉಗುರು ಕತ್ತರಿಯಿಂದ ಕಚ್ಚಿ ಎಳೆಯಬೇಕಾಯಿತು.

ಸ್ಟಿಕ್ಕರಿನಂತೆ ಅಂಟಿಸುವ ಪ್ಯಾಚು ಹಾಕಿದೆ. ಏಪ್ರಿಲ್ ಬಿಸಿಲಿಗೆ ಅದು ಮುಂದಿನ ಪೇಟೆಯವರೆಗೆ ಬಂದದ್ದೇ ಹೆಚ್ಚು, ಅಂಚು ಎದ್ದು ಗಾಳಿ ಹೋಯಿತು. ಮನೆ ಮುಟ್ಟುವಷ್ಟು ದೂರಕ್ಕೆ ಅದು ಸರಿ, ದಿನವಿಡೀ ತುಳಿಯುವವರಿಗಲ್ಲ. ಸೊಲ್ಯೂಷನ್ (ಪ್ಯಾಚಿನ ಅಂಟು), ಉಪ್ಪುಕಾಗದ, ರಬ್ಬರ್ ಪ್ಯಾಚು ಇರುವ ಹಳೇ ಮಾದರಿಯ ಕಿಟ್ಟನ್ನೇ ಒಯ್ಯಿರಿ. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ಬೇಗ ಒಣಗುತ್ತದೆ, ತೆರೆಯದ ಇನ್ನೊಂದು ಇರಲಿ.

ಆ ಪೇಟೆಯ ಅಂಗಡಿಯಲ್ಲಿ ಆದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಬಿಚ್ಚಿದ ಟ್ಯೂಬು ಕೈಗೆ ಕೊಟ್ಟು, ವಾಲ್ವು ತೋರಿಸಿ, ಇದೇ ಬೇಕು ಎಂದೆ. "ಇದೇ ಸೈಜು ಸಾರ್, ಇದೇ ವಾಲ್ವು, ನಾವು ದಿನಾ ಹಾಕ್ತೇವೆ" ಅಂತ ಸೀಲು ಮಾಡಿದ ಡಬ್ಬಿ ಕೊಟ್ಟು 350 ರೂಪಾಯಿ ಈಸಿಕೊಂಡರು. ಬಿಚ್ಚಿದರೆ 28 ಇಂಚಿನ ದೊಡ್ಡ ಸೈಕಲ್ಲಿನ ಟ್ಯೂಬು, ಹೆಬ್ಬೆರಳಿನಂಥ ದಪ್ಪ ವಾಲ್ವು. ಪ್ರೆಸ್ಟಾ ರಿಮ್ಮಿನ ತೂತು ಆರೂವರೆ ಮಿಲಿಮೀಟರು, ದಪ್ಪ ವಾಲ್ವಿಗೆ ಎಂಟೂವರೆ ಬೇಕು. ವಾಪಸ್ ತೆಗೆದುಕೊಳ್ಳಿ ಎಂದರೆ "ಡಬ್ಬಿ ಒಡೆದ ಮಾಲು ವಾಪಸ್ ಇಲ್ಲ" ಅಂದರು. ಬೇಕಾದರೆ ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿಕೊಡುತ್ತೇವೆ, ಅದಕ್ಕೆ ಬೇರೆ ದುಡ್ಡು! ಇದಕ್ಕೆ ಯಾರೂ ಒಪ್ಪಬೇಡಿ. ಸಪೂರ ರಿಮ್ಮು ಕೊರೆದರೆ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ದುಡ್ಡು ಕೊಡುವ ಮುಂಚೆ ಡಬ್ಬಿ ಬಿಚ್ಚಿಸಿ, ವಾಲ್ವನ್ನು ರಿಮ್ಮಿನ ತೂತಿಗೆ ಹಾಕಿ ನೋಡಿ. ಬಿಚ್ಚಲು ಒಪ್ಪದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಸೈಕಲ್ಲನ್ನು ಗೂಡ್ಸ್ ಆಟೋಗೆ ಹಾಕಿ ಬೈಂದೂರು ಕಡೆಗೆ ಹೊರಟೆವು. ದಾರಿಯಲ್ಲಿ ಆಟೋದವರೇ ಒಂದು ಹಂಚಿನ ಮಾಡಿನ ಕೆಳಗೆ ನಿಲ್ಲಿಸಿದರು. ಬೋರ್ಡಿಲ್ಲ, ಎದುರಿಗೆ ನೀರಿನ ಬೋಗುಣಿ, ಪಕ್ಕದಲ್ಲಿ ಹಳೇ ಟಯರು. ವಯಸ್ಸಾದ ರಿಪೇರಿಯವರು ಟ್ಯೂಬು ನೀರಲ್ಲಿ ಮುಳುಗಿಸಿ, ಗುಳ್ಳೆ ಬಂದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಹೊಸದು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ "ಹೊಸ್ದ್ ಎಂತಕ್ ಮರಾಯ್ರೆ, ಇದೇ ಸಾಕ್" ಎಂದರು. ಹಳೇ ಟ್ಯೂಬಿನಿಂದ ತುಂಡು ಕತ್ತರಿಸಿ ಅದರ ನಾಲ್ಕೂ ಮೂಲೆ ಉರುಟು ಮಾಡಿದರು, ಮೂಲೆ ಇದ್ದರೆ ಏಳುತ್ತದಂತೆ. ಉಪ್ಪುಕಾಗದದಲ್ಲಿ ಎರಡೂ ಮೈ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಬಳಿದು, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟರು. ನಮ್ಮಲ್ಲಿ ಹೆಚ್ಚಿನವರು ಈ ಕಾಯುವುದನ್ನೇ ಮಾಡುವುದಿಲ್ಲ, ಹಸಿಯಲ್ಲೇ ಅಂಟಿಸುತ್ತೇವೆ. 30 ರೂಪಾಯಿ ತೆಗೆದುಕೊಂಡರು. ಆ ಪ್ಯಾಚು ಗೋಕರ್ಣದವರೆಗೂ ಬಂತು, ಇವತ್ತಿಗೂ ಅದೇ ಟ್ಯೂಬಿನಲ್ಲಿದೆ. ಸೀಲು ಮಾಡಿದ ಹೊಸ ಡಬ್ಬಿಗಿಂತ ಅವರ ಕೈ ಮೇಲೆ ನನಗೆ ಹೆಚ್ಚು ನಂಬಿಕೆ. ಕರಾವಳಿಯಲ್ಲಿ ಸೈಕಲ್ ಕೆಟ್ಟರೆ "ಟ್ಯೂಬು ಎಲ್ಲಿ ಸಿಗುತ್ತದೆ" ಎನ್ನಬೇಡಿ, "ಪಂಕ್ಚರ್ ಹಾಕುವವರು ಎಲ್ಲಿದ್ದಾರೆ" ಎಂದು ಆಟೋದವರನ್ನು ಕೇಳಿ. ಸ್ಕೂಟರಿನವರ ಬಿಸಿ ಪ್ಯಾಚು ಮಾತ್ರ ಬೇಡ, ಸೈಕಲ್ಲಿನ ತೆಳು ಟ್ಯೂಬು ಆ ಶಾಖಕ್ಕೆ ಸುಟ್ಟುಹೋಗಬಹುದು.

ಅವರ ಎದುರಿಗೇ ಒಂದು ಹೋಟೆಲು, ನಾಲ್ಕೇ ಬೆಂಚು. ಹಲಸಿನ ಎಲೆಯ ಕೊಟ್ಟೆ ಕಡುಬು ಬಿಸಿ ಬಿಸಿ ತಂದಿಟ್ಟರು. ಎಲೆಗೆ ಚುಚ್ಚಿದ ಕಡ್ಡಿ ಕಿತ್ತು ಬಿಡಿಸಿದರೆ ಕಡುಬಿನ ಮೈಮೇಲೆ ಎಲೆಯ ನರದ ಅಚ್ಚು, ಮೇಲೆ ಒಂದು ಚಮಚ ತೆಂಗಿನೆಣ್ಣೆ, ಪಕ್ಕಕ್ಕೆ ಒಣಮೆಣಸಿನ ಕೆಂಪು ಚಟ್ನಿ. ಚಟ್ನಿ ಎಷ್ಟು ಸಲ ಕೇಳಿದರೂ ಆ ಅಮ್ಮ ಮುಖ ಸಿಂಡರಿಸಲಿಲ್ಲ. ಆಮೇಲೆ ಬಾಳೆಹಣ್ಣು ಸೇರಿಸಿ ಕರಿದ ಬನ್ಸ್, ಒಳಗೆ ಜೀರಿಗೆ, ಎಣ್ಣೆ ಹೀರದೆ ಉಬ್ಬಿತ್ತು. ಚಹಾ ಎರಡೆರಡು ಲೋಟ. ಇಬ್ಬರದೂ ಸೇರಿ 120 ರೂಪಾಯಿ. ಸೈಕಲ್ ತುಳಿಯುವವರಿಗೆ ಇದಕ್ಕಿಂತ ಒಳ್ಳೆಯ ಬೆಳಗಿನ ತಿಂಡಿ ನಾನು ಕಂಡಿಲ್ಲ. ಬೇಗ ಹೋಗಿ, ಕಡುಬು ಬೇಗ ಮುಗಿಯುತ್ತದೆ.

ಮುರುಡೇಶ್ವರದ ರೂಮಿನ ಬಗ್ಗೆ ಒಂದೇ ಮಾತು: 1,800 ರೂಪಾಯಿ ತೆಗೆದುಕೊಂಡು ಸೈಕಲ್ ಮಾತ್ರ ಹೊರಗೆ ನಿಲ್ಲಿಸಿ ಎಂದರು. ರೂಮು ಹಿಡಿಯುವ ಮುಂಚೆ ಸೈಕಲ್ ಒಳಗೆ ಬಿಡುತ್ತಾರೋ ಕೇಳಿಕೊಳ್ಳಿ. ಶನಿವಾರ, ಭಾನುವಾರ ಗೋಕರ್ಣದ ಹತ್ತಿರವೂ ಸುಳಿಯಬೇಡಿ, ಜನಜಂಗುಳಿಯಲ್ಲಿ ನನಗಂತೂ ಉಸಿರು ಕಟ್ಟಿತು. ಗೋಕರ್ಣಕ್ಕೆ ಹೋಗಲು ಕುಮಟಾದಿಂದ ಹೆದ್ದಾರಿ ಬಿಟ್ಟು ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ತದಡಿಗೆ ದಾಟಿ. ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ, ಲಾರಿಯ ತಂತಿಯ ಕಾಟವೂ ಇಲ್ಲ.

ಬೆಂಗಳೂರಿನಿಂದ ಹೊರಡುವವರು ಅಲ್ಲೇ ಡೆಕಾತ್ಲಾನಿನಲ್ಲೋ ದೊಡ್ಡ ಸೈಕಲ್ ಅಂಗಡಿಯಲ್ಲೋ ತಲೆಗೆ ಎರಡು ಟ್ಯೂಬು ತೆಗೆದುಕೊಳ್ಳಿ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಬರೆದುಕೊಂಡು ಹೋಗಿ: 622 ಅಂದರೆ 700ಸಿ, 584 ಅಂದರೆ 27.5 ಇಂಚು, 559 ಅಂದರೆ ಸಾಮಾನ್ಯ 26 ಇಂಚು. ಡಬ್ಬಿಯ ಮೇಲಿನ ಅಗಲದ ಅಂಕಿಯೂ ಹೊಂದಬೇಕು. ಟ್ಯೂಬನ್ನು ಡಬ್ಬಿಯಿಂದ ತೆಗೆದು ಹಳೇ ಕಾಲುಚೀಲದೊಳಗೆ ಹಾಕಿ ಒಯ್ಯಿರಿ, ಚೀಲದಲ್ಲಿ ಸ್ಪ್ಯಾನರಿಗೆ ಉಜ್ಜಿ ತೂತಾಗುವುದಿಲ್ಲ.