ಆಲ್ಟರೇಷನ್‌ಗೆ ಕೊಡುವುದೇ ಅಥವಾ ಹೊಲಿಗೆ ಕಲಿಯುವುದೇ?

ನನಗೆ ಹೊಲಿಗೆ ಬರುತ್ತದೆ ಎಂದು ತಿಳಿದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು, ಅಂಗಿಯ ಬದಿ ಹಿಡಿಸಲು ಪ್ರತಿ ಸಲವೂ ಟೈಲರ್‌ಗೆ ಹಣ ಕೊಡುವ ಬದಲು ಒಂದು ಯಂತ್ರ ಕೊಂಡು ನಾವೇ ಕಲಿತುಬಿಟ್ಟರೆ ಉಳಿತಾಯವಾಗುವುದಿಲ್ಲವೇ? ಕೈಹೊಲಿಗೆಯನ್ನು ಖಂಡಿತ ಕಲಿಯಿರಿ, ಆದರೆ ಆಲ್ಟರೇಷನ್ ಖರ್ಚು ಉಳಿಸಬೇಕೆಂಬ ಒಂದೇ ಕಾರಣಕ್ಕೆ ಯಂತ್ರ ಕೊಳ್ಳಬೇಡಿ ಎಂಬುದು ನನ್ನ ಉತ್ತರ.

ಟೈಲರ್ ಕೇಳುವ ಕೂಲಿ ದುಬಾರಿಯೆನಿಸುವುದಕ್ಕೆ ಕಾರಣ, ನಮ್ಮ ಕಣ್ಣಿಗೆ ಬೀಳುವುದು ಕೊನೆಯಲ್ಲಿ ಹಾಕಿದ ಆ ಒಂದು ಗೆರೆ ಹೊಲಿಗೆ ಮಾತ್ರ. ಆಲ್ಟರೇಷನ್‌ನಲ್ಲಿ ಬಹುಪಾಲು ಸಮಯ ಹೋಗುವುದು ಬಿಚ್ಚುವುದಕ್ಕೆ ಮತ್ತು ಬಿಚ್ಚಿದ್ದನ್ನು ಮೊದಲಿನಂತೆಯೇ ಕೂರಿಸುವುದಕ್ಕೆ. ಕೋಟಿನ ಭುಜವನ್ನು ಕಿರಿದು ಮಾಡಬೇಕಾದರೆ ಒಳಗಿನ ಲೈನಿಂಗ್ ಬಿಚ್ಚಿ, ತೋಳನ್ನು ಕಳಚಿ, ಭುಜದ ಪ್ಯಾಡ್ ತೆಗೆದು, ಕಂಕುಳಿನ ಸುತ್ತಿನ ಆಕಾರವನ್ನು ಹೊಸದಾಗಿ ಕತ್ತರಿಸಿ, ತೋಳಿನ ಮೇಲ್ಭಾಗದ ತುಸು ಹೆಚ್ಚುವರಿ ಬಟ್ಟೆಯನ್ನು ನೆರಿಗೆ ಕಾಣದಂತೆ ಅದರೊಳಗೆ ಹೊಂದಿಸಬೇಕಾಗುತ್ತದೆ. ಹೊಸ ಅಂಗಿಯೊಂದನ್ನು ಮೊದಲಿನಿಂದ ಹೊಲಿಯುವುದಕ್ಕಿಂತಲೂ ಇದು ಕಷ್ಟದ ಕೆಲಸ. ಹೊಲಿಗೆ ಕಲಿಯಲು ಆರಂಭಿಸಿದವರು ತಮ್ಮ ಒಳ್ಳೆಯ ಕೋಟನ್ನೇ ಬಿಚ್ಚಲು ಕುಳಿತರೆ ಕೂಲಿಗಿಂತ ಎಷ್ಟೋ ಹೆಚ್ಚು ಬೆಲೆಯ ಬಟ್ಟೆಯನ್ನೇ ಕಳೆದುಕೊಳ್ಳಬಹುದು.

ಇನ್ನೊಂದು ಮಿತಿ ಬಟ್ಟೆಯೊಳಗೇ ಇರುತ್ತದೆ. ಮನೆಯಲ್ಲಿ ಹೊಲಿಯುವವರ ಮಾದರಿಗಳಲ್ಲಿ ಹೊಲಿಗೆಯ ಆಚೆ ಸಾಮಾನ್ಯವಾಗಿ 1.5 ಸೆಂ.ಮೀ. ಬಟ್ಟೆ ಬಿಟ್ಟಿರುತ್ತಾರೆ, ಸಿದ್ಧ ಉಡುಪುಗಳಲ್ಲಿ ಹಲವು ಕಡೆ 1 ಸೆಂ.ಮೀ.ನಷ್ಟೂ ಇರುವುದಿಲ್ಲ. ಆದ್ದರಿಂದ ಹಿಡಿಸುವುದು ಸಾಧ್ಯವಾದರೂ ಸಡಿಲ ಬಿಡಿಸುವುದು ಎಷ್ಟೋ ಸಲ ಯಾರಿಂದಲೂ ಆಗದ ಕೆಲಸ. ರೇಷ್ಮೆ, ವೆಲ್ವೆಟ್, ಚರ್ಮಗಳಲ್ಲಿ ಹಳೆಯ ಹೊಲಿಗೆ ಬಿಚ್ಚಿದ ಮೇಲೂ ಸೂಜಿಯ ತೂತುಗಳು ಉಳಿದುಬಿಡುತ್ತವೆ. ಇಂಥದ್ದನ್ನು ಮೊದಲೇ ನೋಡಿ ಬೇಡವೆಂದು ಹೇಳುವ ಟೈಲರ್‌ನ ಮಾತಿಗೂ ಬೆಲೆಯಿದೆ, ಮತ್ತು ಅದನ್ನು ಕೆಲವರು ದುಡ್ಡು ಕೇಳದೆಯೇ ಹೇಳುತ್ತಾರೆ.

ಹಾಗಾದರೆ ನಾವೇ ಮಾಡಿಕೊಳ್ಳಬಹುದಾದದ್ದು ಯಾವುದು? ಗುಂಡಿ ಹಾಕುವುದು, ಬಿಟ್ಟುಹೋದ ಹೊಲಿಗೆ ಕೂಡಿಸುವುದು, ಸಣ್ಣ ಹರುಕಿಗೆ ಒಳಗಿನಿಂದ ತೇಪೆ ಹಾಕುವುದು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಹೆಮ್ಮಿಂಗ್, ಅಂದರೆ ಅಂಚನ್ನು ಮಡಚಿ ಹೊಲಿಯುವುದು. ನೇರ ಕಾಲಿನ ಪ್ಯಾಂಟಿನ ಉದ್ದ ಕಡಿಮೆ ಮಾಡಲು ಯಂತ್ರವೇ ಬೇಕಿಲ್ಲ. ಹತ್ತಿ ಬಟ್ಟೆ ಕುಗ್ಗುವ ಸ್ವಭಾವದ್ದಾದ್ದರಿಂದ ಮೊದಲು ಒಮ್ಮೆ ಒಗೆದು ಒಣಗಿಸಬೇಕು. ಅದರೊಂದಿಗೆ ತೊಡುವ ಚಪ್ಪಲಿ ಅಥವಾ ಬೂಟನ್ನೇ ಹಾಕಿಕೊಂಡು ನೇರವಾಗಿ ನಿಂತು ಮತ್ತೊಬ್ಬರಿಂದ ಗುರುತು ಹಾಕಿಸಬೇಕು, ಏಕೆಂದರೆ ತಾವೇ ಬಗ್ಗಿದರೆ ಅಳತೆ ತಪ್ಪುತ್ತದೆ. ಮಡಚಲು 4 ಸೆಂ.ಮೀ.ನಷ್ಟು ಬಟ್ಟೆ ಉಳಿಸಿಕೊಂಡು ಕತ್ತರಿಸಿ, ಅಂಚನ್ನು ಒಳಗೆ ಮಡಚಿ, ಇಸ್ತ್ರಿ ಮಾಡಿ, ಆಮೇಲೆ ತೆಗೆದುಬಿಡುವ ಕಚ್ಚಾ ಹೊಲಿಗೆ ಹಾಕಿದ ಮೇಲೆ ಬಟ್ಟೆಯದೇ ಬಣ್ಣದ ದಾರದಿಂದ ಹೊಲಿಯಬೇಕು. ಹೊರಗಿನ ಪದರದಲ್ಲಿ ಸೂಜಿಗೆ ಒಂದೆರಡು ಎಳೆ ಮಾತ್ರ ಸಿಗುವಂತೆ ಎತ್ತಿಕೊಂಡರೆ ಹೊಲಿಗೆ ಹೊರಗೆ ಕಾಣುವುದೇ ಇಲ್ಲ. ದಾರವನ್ನು ಬಿಗಿಯಾಗಿ ಎಳೆಯಬಾರದು. ಬಿಗಿದರೆ ಅಲ್ಲಲ್ಲಿ ಗುಳಿ ಬೀಳುತ್ತದೆ. ಪ್ಯಾಂಟು ಕೆಳಗೆ ಕಿರಿದಾಗುತ್ತ ಹೋಗುವಂಥದ್ದಾದರೆ ಮೇಲಕ್ಕೆ ಮಡಚಿದ ಅಂಚು ಸುತ್ತಳತೆಗೆ ಸಾಲದೆ ಎಳೆಯುತ್ತದೆ. ಆಗ ಮಡಿಕೆಯೊಳಗೆ ಹೋಗುವ ಭಾಗದ ಬದಿ ಹೊಲಿಗೆಯನ್ನು ಬಿಚ್ಚಿ ತುಸು ಅಗಲಿಸಿಕೊಳ್ಳಬೇಕು.

ಯಂತ್ರದ ಲೆಕ್ಕವೇ ಬೇರೆ. ಯಂತ್ರದ ಬೆಲೆಯ ಜೊತೆಗೆ ಬಟ್ಟೆಗೆಂದೇ ಮೀಸಲಾದ ಕತ್ತರಿ, ಕೆಳದಾರ ಸುತ್ತಿಡುವ ಬಾಬಿನ್‌ಗಳು, ಒಳ್ಳೆಯ ದಾರ, ಆಗಾಗ ಬದಲಿಸಬೇಕಾದ ಸೂಜಿ, ಕಾಲಕಾಲಕ್ಕೆ ರಿಪೇರಿ ಎಲ್ಲವೂ ಸೇರುತ್ತವೆ. ಸೂಜಿಯೂ ಒಂದೇ ಬಗೆಯದಲ್ಲ: ಸಾಮಾನ್ಯ ಹತ್ತಿ ಬಟ್ಟೆಗೆ 80/12 ಗಾತ್ರದ್ದು, ಜೀನ್ಸ್‌ಗೆ 100/16, ಹಿಗ್ಗುವ ಟೀಶರ್ಟ್ ಬಟ್ಟೆಗೆ ತುದಿ ಮೊಂಡಾದ ಬೇರೆಯದೇ ಸೂಜಿ ಮತ್ತು ಜಿಗ್‌ಜಾಗ್‌ನಂತೆ ಎಳೆದಾಗ ತುಂಡಾಗದ ಹೊಲಿಗೆ ಬೇಕು. ವರ್ಷಕ್ಕೆ ಒಂದೆರಡು ಪ್ಯಾಂಟು ಮಾತ್ರ ಆಲ್ಟರ್ ಮಾಡಿಸುವವರಿಗೆ ಈ ಹಣ ಬಹುಕಾಲ ಮರಳಿ ಬರುವುದಿಲ್ಲ. ಕಲಿಯಲು ಕೊಡುವ ಸಮಯವನ್ನಂತೂ ಈ ಲೆಕ್ಕಕ್ಕೆ ನಾನು ಸೇರಿಸಿಯೇ ಇಲ್ಲ.

ಆದರೆ ಸಿದ್ಧ ಉಡುಪು ಯಾವುದೂ ಹೇಗಿದೆಯೋ ಹಾಗೇ ಒಪ್ಪದಂಥ ಮೈಕಟ್ಟಿನವರಿಗೆ ಮತ್ತು ದಿನದಿನಕ್ಕೆ ಬೆಳೆಯುವ ಮಕ್ಕಳಿರುವ ಮನೆಗೆ ಯಂತ್ರ ನಿಜಕ್ಕೂ ಲಾಭದ್ದೇ, ಏಕೆಂದರೆ ಅವರಿಗೆ ಬೇಕಾಗುವುದು ಹೆಚ್ಚಾಗಿ ಬದಿ ಹಿಡಿಯುವುದು, ಅಂಚು ಏರಿಸುವುದು ಮತ್ತು ಇಳಿಸುವುದು, ಅಂದರೆ ನೇರ ಹೊಲಿಗೆಯೇ. ಹೊಸ ಬಟ್ಟೆಯನ್ನೇ ಹೊಲಿಯುವ ಆಸೆಯಿದ್ದವರು ಆಲ್ಟರೇಷನ್ ಕೂಲಿಯ ಲೆಕ್ಕ ಹಾಕುತ್ತ ಕೂರುವ ಅಗತ್ಯವಿಲ್ಲ. ಹಳೆಯ ಹಾಸುಬಟ್ಟೆಯ ಮೇಲೆ ನೇರ ಗೆರೆ ಹೊಲಿಯುತ್ತ ಆರಂಭಿಸಿ, ಅನಂತರ ಎಸೆಯಲಿಟ್ಟ ಪ್ಯಾಂಟೊಂದನ್ನು ಪೂರ್ತಿ ಬಿಚ್ಚಿ ಅದು ಯಾವ ಕ್ರಮದಲ್ಲಿ ಕೂಡಿದೆಯೆಂದು ನೋಡಲಿ. ಜಿಪ್ ಬದಲಿಸುವುದನ್ನೂ ಆ ಪ್ಯಾಂಟಿನಲ್ಲೇ ಕಲಿಯಬಹುದು. ಕೋಟನ್ನು, ಲೈನಿಂಗ್ ಇರುವ ಉಡುಪನ್ನು ಮತ್ತು ಒಂದೇ ಒಂದಿರುವ ಬೆಲೆಬಾಳುವ ಬಟ್ಟೆಯನ್ನು ನಾನು ಈಗಲೂ ಟೈಲರ್‌ಗೇ ಕೊಡುತ್ತೇನೆ.