ರ‍್ಯಾಂಪ್ ಉಂಟು ಮೇಡಮ್

ಅಂಗವಿಕಲ ವಿದ್ಯಾರ್ಥಿಗಳ ಅನುಕೂಲದ ಬಗ್ಗೆ ತರಬೇತಿ ಕೊಡಲು ಯಾವ ಕಾಲೇಜಿಗೆ ಹೋದರೂ ನನಗೆ ಮೊದಲು ತೋರಿಸುವುದು ಗಾಲಿಕುರ್ಚಿ ಹತ್ತುವ ಇಳಿಜಾರು, ಅಂದರೆ ರ‍್ಯಾಂಪ್. ಚಹಾ ಬರುವ ಮೊದಲೇ ಪ್ರಾಂಶುಪಾಲರು ಎದ್ದು, "ನಮ್ಮಲ್ಲಿ ರ‍್ಯಾಂಪ್ ಉಂಟು ಮೇಡಮ್, ಬನ್ನಿ" ಅನ್ನುತ್ತಾರೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ವರ್ಷ ಗಡಿಬಿಡಿಯಲ್ಲಿ ಕಟ್ಟಿಸಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನಾನು ಚೀಲದಿಂದ ಅಳತೆಯ ಟೇಪ್ ತೆಗೆಯುತ್ತೇನೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, 1:12ರ ಲೆಕ್ಕ. ನಮ್ಮ ಕರಾವಳಿಯಲ್ಲಿ ಮಳೆನೀರು ಒಳಗೆ ಬರಬಾರದೆಂದು ಪಂಚಾಂಗವನ್ನು, ಅಂದರೆ ಕಟ್ಟಡದ ನೆಲಗಟ್ಟನ್ನು, ಎತ್ತರಕ್ಕೇ ಕಟ್ಟುವುದು ರೂಢಿ. ಮೂರಡಿ ಪಂಚಾಂಗವೆಂದರೆ ಮೂವತ್ತಾರು ಅಡಿ ರ‍್ಯಾಂಪ್ ಬೇಕು, ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ ಬೇರೆ. ಅಷ್ಟು ಜಾಗ ಯಾರು ಬಿಡುತ್ತಾರೆ? ಹತ್ತಡಿಯಲ್ಲಿ ಮುಗಿಸಿ, ಮೇಲೆ ಹೊಳೆಯುವ ಟೈಲ್ಸ್ ಹಾಕಿ, ಕೆಳಗೆ ಬೈಕ್ ನಿಲ್ಲಿಸಿರುತ್ತಾರೆ. ಜುಲೈ ತಿಂಗಳಲ್ಲಿ ಪಾಚಿ ಹಿಡಿದ ಅಂಥ ಟೈಲ್ಸ್ ಮೇಲೆ ಗಾಲಿಕುರ್ಚಿ ಹಾಗಿರಲಿ, ನಾನೇ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದದ್ದುಂಟು.

ಆದರೂ ರ‍್ಯಾಂಪಿನ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಅದರ ತಪ್ಪು ಕಣ್ಣಿಗೆ ಕಾಣುತ್ತದೆ, ಅಳೆಯಬಹುದು, ಒಡೆದು ಕಟ್ಟಿಸಬಹುದು. ನನಗೆ ತಲೆಬಿಸಿ ಮಾಡುವುದು ಆಫೀಸಿನ ಕಂಪ್ಯೂಟರಿನೊಳಗೆ ಇರುವ ಫೈಲುಗಳು.

ನಾನಿರುವುದು ಮಂಗಳೂರಿನ ಒಂದು ವಿಶ್ವವಿದ್ಯಾಲಯದ ಅಂಗವಿಕಲ ವಿದ್ಯಾರ್ಥಿಗಳ ಘಟಕದಲ್ಲಿ. ಮೊದಲು ಕಂಪ್ಯೂಟರ್ ಲ್ಯಾಬಿನಲ್ಲಿದ್ದೆ. ಈಗ ಪುತ್ತೂರು, ಬೆಳ್ತಂಗಡಿ, ಕಾರ್ಕಳ, ಕುಂದಾಪುರ ಅಂತ ಕಾಲೇಜು ಕಾಲೇಜು ತಿರುಗಿ ಅಧ್ಯಾಪಕರಿಗೆ ತರಬೇತಿ ಕೊಡುತ್ತೇನೆ. ಬರುವಾಗ ನಿಮ್ಮದೇ ಕನ್ನಡ ನೋಟ್ಸಿನ ಒಂದು ಫೈಲನ್ನು ಪೆನ್‌ಡ್ರೈವಿನಲ್ಲಿ ತನ್ನಿ ಅಂತ ಮೊದಲೇ ಹೇಳಿರುತ್ತೇನೆ. ಪ್ರೊಜೆಕ್ಟರ್ ಆರಿಸಿ, ಸ್ಪೀಕರ್ ಮಾತ್ರ ಇಟ್ಟು, ಆ ಫೈಲನ್ನು ಎನ್‌ವಿಡಿಎಗೆ ಕೊಡುತ್ತೇನೆ. ಎನ್‌ವಿಡಿಎ ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೇ ಜೊತೆ ಸೇರಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಕಾಸು ಕೊಡಬೇಕಾಗಿಲ್ಲ, ಹಾಗಾಗಿ ನಮ್ಮ ಮಕ್ಕಳ ಹಳೆಯ ಲ್ಯಾಪ್‌ಟಾಪುಗಳಲ್ಲೆಲ್ಲ ಇರುವುದು ಅದೇ.

ನೋಟ್ಸಿನ ಮೊದಲ ಪದ "ಕನ್ನಡ" ಅಂತ ಇಟ್ಟುಕೊಳ್ಳಿ. ಅಕ್ಷರ ಅಕ್ಷರವಾಗಿ ಓದಿಸಿದರೆ ಸ್ಪೀಕರಿನಿಂದ ಬರುವುದು ಹೀಗೆ: "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್..." ಎಲ್ಲರೂ ನಗುತ್ತಾರೆ. ಒಂದು ಪುಟ ಪೂರ್ತಿ ಓದಲಿಕ್ಕೆ ಬಿಟ್ಟರೆ ಎರಡನೇ ನಿಮಿಷಕ್ಕೆ ನಗು ನಿಲ್ಲುತ್ತದೆ. "ಮೇಡಮ್, ಇದು ನಿಮ್ಮ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ ಅಂತ ಅಲ್ವಾ?" ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. ಆಗ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯುನಿಕೋಡಿನಲ್ಲಿ ಟೈಪ್ ಮಾಡಿದ ಅದೇ ಪುಟವನ್ನು ಓದಿಸುತ್ತೇನೆ. ರೋಬೋಟ್ ದನಿಯೇ, ಆದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಫಾಂಟ್ ಅನ್ನುವುದು ಬರೀ ಯಕ್ಷಗಾನದ ವೇಷ. ಚೌಕಿಗೆ ಹೋಗಿ ಬಣ್ಣ ತೆಗೆದರೆ ಒಳಗಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ (ಅದೇ ಎ ಗ್ರೇವ್), ಪೌಂಡ್ ಚಿಹ್ನೆ. ಕಣ್ಣಿರುವವರಿಗೆ ಇದು ಗೊತ್ತಾಗುವ ಸಂದರ್ಭವೇ ಬರುವುದಿಲ್ಲ. ಮುದ್ರಿಸಿದರೆ ಚಂದ ಬರುತ್ತದೆ, ಹಂಚಿದರೆ ಆಯಿತು. ಇಂಗ್ಲಿಷ್ ನೋಟ್ಸಿಗೆ ಈ ತೊಂದರೆಯೇ ಇಲ್ಲ. ಹೀಗಾಗಿ ಕಣ್ಣು ಕಾಣದ ಹುಡುಗನೊಬ್ಬ ಕನ್ನಡ ಮಾಧ್ಯಮದವನಾದರೆ ಅವನ ಕಷ್ಟ ಎರಡು ಪಾಲು. ಬೆಳ್ತಂಗಡಿ ಕಡೆಯ ಒಬ್ಬಳು ಹುಡುಗಿ ಐಚ್ಛಿಕ ಕನ್ನಡ ತೆಗೆದುಕೊಂಡಿದ್ದಳು. ಹಾಸ್ಟೆಲಿನ ಗೆಳತಿ ರಾತ್ರಿ ಊಟ ಆದ ಮೇಲೆ ನೋಟ್ಸ್ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದಳು. ಗೆಳತಿಗೆ ಜ್ವರ ಬಂದರೆ ಇವಳ ಪಾಠವೂ ನಿಂತಿತು. ಕೆಲವು ನೋಟ್ಸ್ ಇನ್ನೂ ಕಷ್ಟ: ಯಾರದೋ ಕೈಬರಹವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್. ಅಲ್ಲಿ ತಂತ್ರಾಂಶಕ್ಕೆ ಓದಲು ಅಕ್ಷರವೇ ಇಲ್ಲ, ಬರೀ ಚಿತ್ರ. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕವಿರುವ ನೋಟಿಸನ್ನು, ಮೊಹರಿನ ಸಮೇತ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರಲ್ಲ, ಅದರದ್ದೂ ಇದೇ ಕಥೆ. ಕೆಳಗೆ ಎರಡು ಸಾಲು ಟೈಪ್ ಮಾಡಿದರೆ ಮುಗಿಯಿತು. ಅದಕ್ಕೆ ಸುತ್ತೋಲೆ, ಸಮಿತಿ, ಅನುದಾನ ಏನೂ ಬೇಡ.

ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ತರಬೇತಿಗೆ ಆಫೀಸಿನ ಟೈಪಿಸ್ಟ್ ಬರಲೇಬೇಕು. ಪ್ರಶ್ನೆಪತ್ರಿಕೆ, ನೋಟಿಸು, ಅರ್ಧ ವಿಭಾಗದ ನೋಟ್ಸು ಎಲ್ಲ ಹುಟ್ಟುವುದು ಅವರ ಕೈಯಲ್ಲಿ. ಅವರನ್ನು ಕರೆಯುವ ರೂಢಿಯೇ ಇಲ್ಲ; ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ, ನಡುವೆ "ಒಂದು ಲೆಟರ್ ಅರ್ಜೆಂಟ್ ಉಂಟು" ಅಂತ ಎಬ್ಬಿಸಿಕೊಂಡು ಹೋಗುತ್ತಾರೆ. ಕಾರ್ಕಳದ ಹತ್ತಿರದ ಒಂದು ಕಾಲೇಜಿನಲ್ಲಿ ಐವತ್ತು ದಾಟಿದ ಒಬ್ಬರು ಟೈಪಿಸ್ಟ್ ಅಕ್ಕ, ಎರಡು ಗಂಟೆ ಸುಮ್ಮನೆ ಕೂತಿದ್ದವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಅದೆಲ್ಲ ಸರಿ ಮೇಡಮ್, ಕೀಬೋರ್ಡ್ ಬದಲಾಗ್ತದಾ?"

"ಇಲ್ಲ ಅಕ್ಕ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಉಂಟು. ಬೆರಳು ಹೋಗುವ ಜಾಗ ಅದೇ."

"ಮತ್ತೆ ಇಷ್ಟು ವರ್ಷ ಯಾರೂ ಯಾಕೆ ಹೇಳ್ಲಿಲ್ಲ ಮಾರಾಯ್ರೆ?"

ನುಡಿಯ ಕೀಲಿಮಣೆ ಬಂದದ್ದು ಕಿನ್ನಿಕಂಬಳ ಪದ್ಮನಾಭ ರಾಯರ, ಅಂದರೆ ನಮ್ಮ ಕೆ.ಪಿ. ರಾವ್ ಅವರ ವಿನ್ಯಾಸದಿಂದ. ಮಂಗಳೂರಿಗೆ ಹತ್ತಿರದ ಊರಿನವರೇ. ಇದನ್ನು ಹೇಳಿದಾಗ ಅಕ್ಕನಿಗೆ ಖುಷಿಯಾಯಿತು. ಮರುವಾರದಿಂದ ಆ ಕಾಲೇಜಿನ ನೋಟಿಸುಗಳು ಯುನಿಕೋಡಿನಲ್ಲಿ ಬಂದವು. ಅಧ್ಯಾಪಕರದ್ದು ಇನ್ನೂ ಆಗಬೇಕಷ್ಟೆ.

ಹಳೆಯ ಫೈಲುಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿಯಾಗುತ್ತದೆ. ಅರ್ಕಾವತ್ತು ಮಾತ್ರ ಆಗಾಗ ಪಕ್ಕದ ಅಕ್ಷರಕ್ಕೆ ಜಾರುತ್ತದೆ, ಕೆಲವು ಒತ್ತಕ್ಷರಗಳು ಕೆಡುತ್ತವೆ. ಯಾರಾದರೂ ಕೂತು ತಿದ್ದಬೇಕು. ಎನ್‌ಎಸ್‌ಎಸ್ ಮಕ್ಕಳಿಗೆ ಹೇಳುತ್ತೇನೆ: ಕ್ಯಾಂಪಸ್ಸಿನಲ್ಲಿ ಹುಲ್ಲು ಕೀಳುವ ಬದಲು ಒಂದು ಘಟಕದ ನೋಟ್ಸ್ ತಿದ್ದಿಕೊಡಿ. ಹುಲ್ಲು ಹೇಗೂ ಮತ್ತೆ ಬರುತ್ತದೆ.

ಮಳೆಗಾಲದ್ದು ಬೇರೆಯೇ ಕಥೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ನಮ್ಮದು, ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಸರಿಯಾಗಿ ತರಗತಿಗಳ ಹೊತ್ತಿನಲ್ಲಿ. ಶೀಟು ಹಾಕಿದ ತರಗತಿಯಲ್ಲಿ ನಮಗೇ ಪಾಠ ಕೇಳಿಸುವುದಿಲ್ಲ. ಶ್ರವಣ ಸಾಧನ ಹಾಕಿದ ಹುಡುಗನಿಗೆ ಅದು ಮಳೆಯ ಸದ್ದನ್ನೂ ದೊಡ್ಡದು ಮಾಡಿ ಕೊಡುತ್ತದೆ. ಅವನು ಅದನ್ನು ತೆಗೆದು ಕಿಸೆಗೆ ಹಾಕಿ ಮೇಷ್ಟ್ರ ತುಟಿ ನೋಡುತ್ತಾನೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡುತ್ತಾರೆ. ಇದಕ್ಕೆ ಯಂತ್ರ ಏನೂ ಬೇಡ. ಆ ತರಗತಿಯನ್ನು ತಾರಸಿಯ ಕಟ್ಟಡಕ್ಕೆ ಬದಲಿಸಬೇಕು, ಬರೆಯುವಾಗ ಬರೆಯಬೇಕು, ಮಾತಾಡುವಾಗ ಮಕ್ಕಳ ಕಡೆ ತಿರುಗಬೇಕು. ಸಾಧನವನ್ನು ರಾತ್ರಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ ಅಂತ ಮನೆಯವರಿಗೂ ಹೇಳುತ್ತೇನೆ. ನಮ್ಮ ತೇವಕ್ಕೆ ಅದು ಬೇಗ ಹಾಳಾಗುತ್ತದೆ.

ಅಂದ ಹಾಗೆ, ಇಲ್ಲಿ ಯಾರೂ ತರಬೇತಿ ಕೊಡದೆ ಚೆನ್ನಾಗಿ ನಡೆಯುವ ಒಂದು ವ್ಯವಸ್ಥೆ ಉಂಟು: ಖಾಸಗಿ ಸಿಟಿ ಬಸ್ಸಿನ ಕಂಡಕ್ಟರ್. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ "ಕಂಕನಾಡಿ, ಪಂಪ್‌ವೆಲ್, ತೊಕ್ಕೊಟ್ಟು" ಅಂತ ಕೂಗುವುದು ಪಕ್ಕದ ಬಸ್ಸಿನ ಜೊತೆಗಿನ ಪೈಪೋಟಿಗೆ. ಬೋರ್ಡ್ ಓದಲಾಗದ ನನ್ನ ವಿದ್ಯಾರ್ಥಿಗಳು ಬಸ್ಸು ಹಿಡಿಯುವುದು ಆ ಕೂಗಿನಿಂದಲೇ. ಮೆಟ್ಟಿಲಿನ ಎತ್ತರದ ಬಗ್ಗೆ ಮಾತ್ರ ಮಾತಾಡದಿರುವುದು ಒಳ್ಳೆಯದು.

ಕಾನೂನಿನ ಭಾಗವನ್ನು ತರಬೇತಿಯಲ್ಲಿ ಬೇಗ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಕಾಯ್ದೆಯ ಏಳರ ಬದಲು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಕೊಡಬೇಕು ಅಂದಿತು. ಕಟ್ಟಡ, ವೆಬ್‌ಸೈಟುಗಳ ನಿಯಮ ಬರೀ ಸಲಹೆಯಂತಿದ್ದರೆ ಸಾಲದು, ಪಾಲಿಸಲೇಬೇಕಾದ ಮಾನದಂಡಗಳು ಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು. ಇಷ್ಟಕ್ಕೆ ಯಾರಾದರೂ "ನಮ್ಮಲ್ಲಿ ಅಂಥ ಮಕ್ಕಳೇ ಇಲ್ಲ ಮೇಡಮ್" ಅನ್ನುತ್ತಾರೆ. ಹಾಗೆ ಹೇಳಿದ ಒಂದು ಕಾಲೇಜಿನಲ್ಲಿ ಮೊದಲ ಬೆಂಚಿನ ಹುಡುಗನೊಬ್ಬನ ಫೋನನ್ನು ಕಿತ್ತುಕೊಂಡು ಸ್ಟಾಫ್ ರೂಮಿನಲ್ಲಿಟ್ಟಿದ್ದರು. ಅವನು ಬೋರ್ಡಿನ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ, ನೋಟ್ಸ್ ಬರೆದುಕೊಳ್ಳುತ್ತಿದ್ದ.

ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಪಡೆಯುವ ವಿದ್ಯಾರ್ಥಿಗೆ ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಇದು ಈಗ ಎಲ್ಲರಿಗೂ ಗೊತ್ತು. ಬರೆದುಕೊಡುವವರಿಗೆ ಕನ್ನಡ ಬರೆಯಲು ಬರಬೇಕು ಅನ್ನುವುದು ಹೊಳೆಯುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಹುಡುಗನನ್ನು ಕೂರಿಸಿದರೆ, "ಷಟ್ಪದಿ"ಯಲ್ಲಿ ಯಾವುದಕ್ಕೆ ಒತ್ತು ಅಂತ ಪರೀಕ್ಷೆ ಬರೆಯುವವಳೇ ಹೇಳಿಕೊಡಬೇಕಾಗುತ್ತದೆ. ಹೆಚ್ಚಿನ ಒಂದು ಗಂಟೆ ಅಲ್ಲೇ ಹೋಯಿತು.

ಮುಂದಿನ ತರಬೇತಿ ಕುಂದಾಪುರದಲ್ಲಿ. ಹೂಗುಚ್ಛ, ಸ್ಮರಣಿಕೆ ಬೇಡವೆಂದು ಬರೆದಿದ್ದೇನೆ. ಸ್ಪೀಕರ್ ಸರಿ ಇರಲಿ, ಒಬ್ಬೊಬ್ಬರೂ ಒಂದು ಕನ್ನಡ ಫೈಲು ತರಲಿ, ಟೈಪಿಸ್ಟಿಗೆ ಅವತ್ತು ಬೇರೆ ಕೆಲಸ ಹಚ್ಚಬೇಡಿ. ಮೊದಲೆರಡಕ್ಕೆ ಒಪ್ಪಿಗೆ ಬಂದಿದೆ. ಮೂರನೆಯದರ ಬಗ್ಗೆ "ಅವತ್ತು ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ಟೈಪ್ ಮಾಡ್ಲಿಕ್ಕುಂಟು ಮೇಡಮ್" ಅಂದರು. ಹಾಗಾದರೆ ಆ ಪ್ರಶ್ನೆಪತ್ರಿಕೆಯನ್ನೇ ತರಬೇತಿಗೆ ತರಲಿ, ಕೂತು ಅಲ್ಲೇ ಯುನಿಕೋಡಿನಲ್ಲಿ ಟೈಪ್ ಮಾಡೋಣ ಅಂದಿದ್ದೇನೆ. ಗೋಪ್ಯ ದಾಖಲೆಯಾದ್ದರಿಂದ ಕೇಳಿ ಹೇಳುತ್ತಾರಂತೆ.